ಒಂದೇ ಕೊಡದ ನೀರು, ಬೇರೆ ಬೇರೆ ಪ್ರಮಾಣ

ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರ 9ನೇ ತರಗತಿಗೆ ನಾನು ಬೋಧಿಸಿದ ಈ ಪಾಠದ ಉದ್ದೇಶ ಇಷ್ಟು: ನೀರಿನಲ್ಲಿ ಫ್ಲೋರೈಡ್ ಇದೆ ಎಂದು ತಿಳಿದರೆ ಸಾಲದು, ಅದರಿಂದ ಯಾರಿಗೆ ಎಷ್ಟು ಅಪಾಯ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಬೇಕು.

ರಾಸಾಯನಿಕಗಳ ಅಪಾಯವನ್ನು ಅಂದಾಜು ಮಾಡಲು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ಹೇಳಿದ ನಾಲ್ಕು ಹಂತಗಳನ್ನೇ ಅನುಸರಿಸಿದೆ.

ಹಂತ 1: ಹಾನಿ ಗುರುತಿಸುವುದು. ಫ್ಲೋರೈಡ್ ಹೆಚ್ಚಾದರೆ ಬೆಳೆಯುವ ಹಲ್ಲಿನ ಎನಾಮಲ್‌ನಲ್ಲಿ ಕಲೆ ಮೂಡುತ್ತದೆ. ತೀರಾ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ದೇಹ ಸೇರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಇದನ್ನು ಹೇಳುವಾಗ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಾರ ಹಲ್ಲನ್ನೂ ಉದಾಹರಣೆಯಾಗಿ ತೋರಿಸದೆ, ಕಲೆ ಬೀಳುವುದು ಸುಮಾರು 8 ವರ್ಷದೊಳಗೆ, ಹಲ್ಲು ರೂಪುಗೊಳ್ಳುವಾಗ. ಅದು ಹಲ್ಲುಜ್ಜದವರ ತಪ್ಪಲ್ಲ ಎಂದು ಇಡೀ ತರಗತಿಗೆ ವಿವರಿಸಿದೆ. ಆಕೆ ಕೈ ಇಳಿಸಿದಳು.

ಹಂತ 2: ಪ್ರಮಾಣ ಮತ್ತು ಪರಿಣಾಮ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಲ್ಲಿನ ಕಲೆಯನ್ನು ಆಧಾರವಾಗಿಟ್ಟು, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.06 ಮಿಲಿಗ್ರಾಂ ಎಂಬ ಮಿತಿ ಇಟ್ಟಿದೆ.

ಹಂತ 3: ದೇಹ ಸೇರುವುದೆಷ್ಟು? ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಲೆಕ್ಕಕ್ಕಾಗಿ ಊಹಿಸಿಕೊಂಡೆವು.
ತಂದೆ: 3 ಲೀಟರ್ × 2 ÷ 60 ಕಿಲೋ = 0.10
ತಂಗಿ: 1.5 ಲೀಟರ್ × 2 ÷ 20 ಕಿಲೋ = 0.15
ಅರ್ಧ ನೀರು ಕುಡಿದ ತಂಗಿಗೇ ಒಂದೂವರೆ ಪಟ್ಟು!

ಹಂತ 4: ತೀರ್ಮಾನ. 0.15 ÷ 0.06 = 2.5. ಉತ್ತರ 1ನ್ನು ಮೀರಿದರೆ ರೋಗ ಖಚಿತ ಎಂದಲ್ಲ, ಸುರಕ್ಷಿತ ಅಂತರ ದಾಟಿದೆ ಎಂದರ್ಥ. ತಂಗಿಯ ಹಲ್ಲು ಇನ್ನೂ ರೂಪುಗೊಳ್ಳುತ್ತಿರುವುದರಿಂದ ಅವಳಿಗೇ ಮೊದಲ ಎಚ್ಚರಿಕೆ ಎಂದು ತರಗತಿ ತೀರ್ಮಾನಿಸಿತು.

“ನಮ್ಮಜ್ಜಿಗೆ ಏನೂ ಆಗಿಲ್ವಲ್ಲ ಮಿಸ್?” ಎಂದ ಒಬ್ಬ. “ಅಜ್ಜಿ ಕುಡಿದಿದ್ದು ಬಾವಿ ನೀರು ಕಣೋ, ನಾವು ಬೋರ್‌ವೆಲ್ ನೀರು” ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬಂತು. ಆಳದ ನೀರು ಬಂಡೆಯೊಡನೆ ದೀರ್ಘಕಾಲ ಇದ್ದು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ ಎಂದು ನಾನು ಸೇರಿಸಿದೆ. “ಕುದಿಸಿದರೆ?” ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ, ಸಾಂದ್ರತೆ ಏರುತ್ತದೆ.

ಮೌಲ್ಯಮಾಪನಕ್ಕೆ ಕೊಟ್ಟ ಮನೆಗೆಲಸ: ಮನೆಯ ಪ್ರತಿಯೊಬ್ಬರೂ ದಿನಕ್ಕೆ ಕುಡಿಯುವ ನೀರನ್ನು ಚೊಂಬಿನಲ್ಲಿ ಅಳೆದು ಬರೆಯುವುದು, ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಕಡಿಮೆ ಇದ್ದರೆ ಅದು ಮೊದಲು ಯಾರಿಗೆ ಸಲ್ಲಬೇಕು ಎಂಬುದನ್ನು ಲೆಕ್ಕಸಹಿತ ಸಮರ್ಥಿಸುವುದು.