ಚೀಲ ಯಾವ ಹೋಲ್ಡಿಗೆ ಹೋಯಿತು?

ಉಲ್ವೆಯ ನವಿಮುಂಬಯಿ ವಿಮಾನ ನಿಲ್ದಾಣ 2025ರ ಡಿಸೆಂಬರ್ 25ರಂದು ಪ್ರಯಾಣಿಕರಿಗೆ ತೆರೆಯಿತು. ಅಂದು ಬೆಳಿಗ್ಗೆ ಮೊದಲು ಬಂದಿಳಿದದ್ದು ಬೆಂಗಳೂರಿನ ವಿಮಾನ. ಥಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಊರಿಗೆ ಹೋಗಲು ಇನ್ನೊಂದು ದಾರಿ ಸಿಕ್ಕಿತು. ಇಲ್ಲಿನ ಹುಡುಗ ಹುಡುಗಿಯರಿಗೆ ವಿಮಾನದ ಬುಡದಲ್ಲಿ ನಿಂತು ಮಾಡುವ ಕೆಲಸಗಳೂ ಹತ್ತಿರವಾದವು. ಅವುಗಳಲ್ಲಿ ಚೀಲ ತುಂಬಿ ಇಳಿಸುವ ಲೋಡರ್ ಕೆಲಸವೆಂದರೆ ಬರೀ ತೋಳ್ಬಲದ ಕೆಲಸ ಎಂದುಕೊಂಡವರೇ ಹೆಚ್ಚು. ಈ ಕೆಲಸಕ್ಕೆ ಸೇರಬೇಕೆನ್ನುವವರು ಆ ಎಣಿಕೆಯನ್ನು ಮೊದಲು ಬಿಡಬೇಕು. ವಿಮಾನ ನೆಟ್ಟಗೆ ಏರುವುದರಲ್ಲಿ ಲೋಡರನ ಪಾಲು ದೊಡ್ಡದು.

ವಿಮಾನದ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ: ಒಟ್ಟು ತೂಕ ಎಷ್ಟು, ಆ ತೂಕ ಕೂತಿರುವುದು ಎಲ್ಲಿ. ಮೊದಲನೆಯದು ಎಲ್ಲರಿಗೂ ಗೊತ್ತು. ಕೌಂಟರಿನಲ್ಲಿ 15 ಕೆ.ಜಿ. ದಾಟಿದರೆ ದುಡ್ಡು ಕೇಳುತ್ತಾರೆ. ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಕಟ್ಟಿ ಓಡಿಸಿದವರಿಗೆ ಅದರ ಅನುಭವವಿದೆ: ಹ್ಯಾಂಡಲ್ ಹಗುರಾಗಿ, ಮುಂದಿನ ಚಕ್ರ ಹಿಡಿತ ತಪ್ಪುತ್ತದೆ.

ಇಡೀ ವಿಮಾನದ ತೂಕವೆಲ್ಲ ಒಂದೇ ಬಿಂದುವಿನಲ್ಲಿ ನಿಂತಿದೆ ಎಂದು ಭಾವಿಸಿದರೆ, ಆ ಬಿಂದುವೇ ಗುರುತ್ವಕೇಂದ್ರ. ಅದು ರೆಕ್ಕೆಯ ಆಸುಪಾಸಿನಲ್ಲಿ, ಗೊತ್ತುಪಡಿಸಿದ ಮಿತಿಯೊಳಗೇ ಇರಬೇಕು. ಏರ್‌ಬಸ್ 320ರಂಥ ವಿಮಾನದಲ್ಲಿ ಹಿಂದೆ ಮುಂದೆ ಸರಿಯಲು ಅದಕ್ಕಿರುವ ಜಾಗ ಹೆಚ್ಚುಕಡಿಮೆ ಒಂದು ಮೀಟರ್. ಒಂದು ಲೆಕ್ಕ ಮಾಡೋಣ, ನಿಧಾನವಾಗಿ. ವಿಮಾನದ ತೂಕ 64,000 ಕೆ.ಜಿ. ಎಂದಿಟ್ಟುಕೊಳ್ಳಿ. ಮುಂದಿನ ಹೋಲ್ಡಿನಲ್ಲಿ (ಪ್ರಯಾಣಿಕರ ಕಾಲಡಿಯ ಸರಕುಗೂಡಿನಲ್ಲಿ) ಇರಬೇಕಾದ 800 ಕೆ.ಜಿ. ಚೀಲಗಳು 12 ಮೀಟರ್ ಹಿಂದಿನ ಹೋಲ್ಡಿಗೆ ಹೋದವು. 800ನ್ನು 12ರಿಂದ ಗುಣಿಸಿ, 64,000ದಿಂದ ಭಾಗಿಸಿ: 0.15 ಮೀಟರ್. ಒಟ್ಟು ತೂಕ ಒಂದು ಗ್ರಾಮೂ ಹೆಚ್ಚಲಿಲ್ಲ, ಆದರೆ ಗುರುತ್ವಕೇಂದ್ರ 15 ಸೆಂಟಿಮೀಟರ್ ಹಿಂದೆ ಸರಿಯಿತು. ಮೊದಲೇ ಅಂಚಿನಲ್ಲಿದ್ದರೆ ಮಿತಿ ದಾಟಲು ಅಷ್ಟೇ ಸಾಕು.

ಮೂಗು ಭಾರವಾದರೆ ಏಳಲು ಹೆಚ್ಚು ರನ್‌ವೇ ಬೇಕು, ಇಂಧನವೂ ಹೆಚ್ಚು ಸುಡುತ್ತದೆ. ಬಾಲ ಭಾರವಾದರೆ ಇನ್ನೂ ಕೆಟ್ಟದು. ಮೂಗು ತಾನಾಗಿ ಮೇಲೇಳುತ್ತದೆ. ಪೈಲಟ್ ಅದನ್ನು ಕೆಳಗೆ ತರಲಾಗದಿದ್ದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.

2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಹಾಗೆಯೇ ಆಯಿತು. ಚಿಕ್ಕ ಬೀಚ್‌ಕ್ರಾಫ್ಟ್ 1900ಡಿ ವಿಮಾನ ಏರಿದ ಒಂದು ನಿಮಿಷದೊಳಗೇ ಮೂಗೆತ್ತಿ, ಉರುಳಿ, ಹ್ಯಾಂಗರ್‌ಗೆ ಬಡಿಯಿತು. ಒಳಗಿದ್ದ 21 ಮಂದಿಯೂ ಸತ್ತರು. ಮೂಗನ್ನು ಏರಿಸಿ ಇಳಿಸುವ ಬಾಲದ ಎಲಿವೇಟರ್ ಪಟ್ಟಿಯ ಕೇಬಲನ್ನು ರಿಪೇರಿಯಲ್ಲಿ ತಪ್ಪಾಗಿ ಹೊಂದಿಸಿದ್ದರಿಂದ ಮೂಗು ಇಳಿಸುವ ಶಕ್ತಿ ಕುಗ್ಗಿತ್ತು. ಅದರ ಜೊತೆಗೆ ಗುರುತ್ವಕೇಂದ್ರ ಮಿತಿಗಿಂತ ಹಿಂದಿತ್ತು. ಕಾಗದದ ಮೇಲೆ ಮಾತ್ರ ಎಲ್ಲ ಸರಿಯಿತ್ತು, ಏಕೆಂದರೆ ಲೆಕ್ಕ ಹಾಕಿದ್ದು ಸರಾಸರಿ ತೂಕದಲ್ಲಿ. ನಿಜವಾದ ಜನ, ನಿಜವಾದ ಚೀಲಗಳು ಅದಕ್ಕಿಂತ ಭಾರವಾಗಿದ್ದವು. ಆ ಬಳಿಕ ಅಲ್ಲಿನ ಸರಾಸರಿಗಳನ್ನು ಏರಿಸಿದರು. ನಮ್ಮಲ್ಲೂ ಪ್ರಯಾಣಿಕರನ್ನು ತೂಗುವುದಿಲ್ಲ: ದೊಡ್ಡವರಿಗೆ 75, ಮಕ್ಕಳಿಗೆ 35, ಹಸುಗೂಸಿಗೆ 10 ಕೆ.ಜಿ. ಎಂಬ ಸರಾಸರಿ ಬಹುಕಾಲದಿಂದ ಬಳಕೆಯಲ್ಲಿದೆ. ಸರಾಸರಿಯಲ್ಲಿ ಸ್ವಲ್ಪ ಅಂದಾಜು ಇದ್ದೇ ಇರುತ್ತದೆ. ಆದ್ದರಿಂದಲೇ ಚೀಲದ ಲೆಕ್ಕದಲ್ಲಿ ಅಂದಾಜು ನುಸುಳಬಾರದು.

ಲೋಡರ್ ಕೈಗೆ ಬರುವುದು ಲೋಡಿಂಗ್ ಸೂಚನೆಯ ಒಂದು ಹಾಳೆ. ಏರ್‌ಬಸ್ 320ರಲ್ಲಿ ಮುಂದೆ 1ನೇ ಹೋಲ್ಡ್, ಹಿಂದೆ 3, 4, 5. 2 ಎಂಬುದೇ ಇಲ್ಲ, ಹುಡುಕಬೇಡಿ. ಯಾವ ಹೋಲ್ಡಿಗೆ ಎಷ್ಟು ಚೀಲ ಎಂದು ಹಾಳೆಯಲ್ಲಿದೆಯೋ ಅಷ್ಟೇ. ಹೊತ್ತಾಯಿತೆಂದು, ಚೀಲ ಏರಿಸುವ ಬೆಲ್ಟ್ ಲೋಡರ್ ಯಂತ್ರ ನಿಂತಿರುವ ಬಾಗಿಲಿಗೇ ಎಲ್ಲವನ್ನೂ ತುಂಬುವ ಆಸೆ ಬರುತ್ತದೆ, ತಡೆದುಕೊಳ್ಳಬೇಕು. ಸಾಮಾನ್ಯವಾಗಿ ತುಂಬುವಾಗ ಮುಂದಿನದು ಮೊದಲು, ಇಳಿಸುವಾಗ ಹಿಂದಿನದು ಮೊದಲು. ನಿಂತ ವಿಮಾನವೂ ಬಾಲದ ಮೇಲೆ ಕೂರಬಲ್ಲದು: 2023ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಜನ ಇಳಿಯುತ್ತಿದ್ದಾಗ ಏರ್‌ಬಸ್ 321 ಒಂದು ಹಾಗೆ ಮೂಗೆತ್ತಿತು.

ತುಂಬಿದ ಮೇಲೆ ಚೀಲಗಳು ಜಾರದಂತೆ ಹೋಲ್ಡಿನ ಬಲೆ ಕಟ್ಟುವುದನ್ನು ಮರೆಯಬೇಡಿ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ ಬೋಯಿಂಗ್ 747 ಸರಕು ವಿಮಾನ ಏರುವಾಗ, ಸರಿಯಾಗಿ ಬಿಗಿಯದ ಸೇನಾವಾಹನ ಹಿಂದಕ್ಕೆ ಜಾರಿ ಬಾಲದ ಯಂತ್ರಭಾಗಗಳನ್ನೇ ಮುರಿಯಿತು. ಒಳಗಿದ್ದ ಏಳು ಮಂದಿಯೂ ಉಳಿಯಲಿಲ್ಲ.

ಕೊನೆಗಳಿಗೆಯ ಚೀಲವೂ ಲೆಕ್ಕಕ್ಕೆ ಸೇರಬೇಕು. ಗೇಟಿನಲ್ಲಿ ತೆಗೆದುಕೊಂಡ ಕ್ಯಾಬಿನ್ ಚೀಲಗಳು ಹೋಲ್ಡಿಗೆ ಬಂದರೆ ಎಷ್ಟು, ಯಾವ ಹೋಲ್ಡಿಗೆ ಎಂದು ಮೇಲ್ವಿಚಾರಕರಿಗೆ ತಿಳಿಸಿ. ಅವರು ತೂಕದ ಲೆಕ್ಕದ ಹಾಳೆಯಾದ ಲೋಡ್‌ಶೀಟ್ ತಿದ್ದಿಸಿ ಪೈಲಟ್‌ಗೆ ತಲುಪಿಸುತ್ತಾರೆ. ಪೈಲಟ್ ಟ್ರಿಮ್ (ಬಾಲದ ಸಮತೋಲನ) ಹೊಂದಿಸುವುದು, ಎಷ್ಟು ವೇಗದಲ್ಲಿ ಮೂಗೆತ್ತಬೇಕೆಂದು ನಿರ್ಧರಿಸುವುದು ಆ ಅಂಕಿಗಳಿಂದಲೇ. ಪ್ರಯಾಣಿಕರಿಗೂ ಒಂದು ಮಾತು: ಅರ್ಧ ಖಾಲಿ ವಿಮಾನದಲ್ಲಿ ಏರುವ ಮೊದಲು ಸೀಟು ಬದಲಿಸಬೇಡಿ ಎಂದು ಸಿಬ್ಬಂದಿ ಹೇಳಿದರೆ ಕೇಳಿ. ನಿಮ್ಮ ಜಾಗವೂ ಆ ಲೆಕ್ಕದಲ್ಲಿದೆ. ಹಲಸು, ಹಪ್ಪಳ, ಕುಚ್ಚಲಕ್ಕಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಬೇಡಿ. ಹಲವು ವಿಮಾನ ಸಂಸ್ಥೆಗಳು ಒಂದು ಚೀಲಕ್ಕೆ 32 ಕೆ.ಜಿ. ಮಿತಿ ಇಟ್ಟಿರುವುದು, ಹೋಲ್ಡಿನೊಳಗೆ ಬಗ್ಗಿ ಕೂತು ಅದನ್ನೆತ್ತುವವರ ಬೆನ್ನು ಉಳಿಯಲೆಂದು.