ಸಾಕುಪ್ರಾಣಿಯ ಸಮಾಧಿ: ನೆಲದ ನಿಯಮ, ನಾಡಿನ ನಿಯಮ

ಹಿತ್ತಲಿನ ನೆಲವು ಮನೆಯೊಡೆಯನದು; ಆದರೆ ಅದರಡಿಯ ನೀರು ಅವನೊಬ್ಬನದಲ್ಲ. ಸತ್ತ ನಾಯಿಯನ್ನೋ ಬೆಕ್ಕನ್ನೋ ಮನೆಯಲ್ಲಿಯೇ ಹೂಳಬಹುದೆ ಎಂಬ ಪ್ರಶ್ನೆಯ ತಿರುಳು ಇಷ್ಟೆ. ಶಿವಮೊಗ್ಗೆಯ ವಿನೋಬನಗರದ ಹಿತ್ತಲೊಂದನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಮೊದಲು ನೆಲದ ನಿಯಮ. ದೇಹವನ್ನು ಮಣ್ಣಾಗಿಸುವವು ಸೂಕ್ಷ್ಮಜೀವಿಗಳು. ಆಗ ಹುಟ್ಟುವ ದುರ್ಗಂಧದ ಅನಿಲಗಳು ಮಣ್ಣಿನ ಕಣಗಳ ಸಂದಿನಲ್ಲಿ ಮೆಲ್ಲನೆ ಪ್ರಸರಿಸುವಾಗ ಬಹುಮಟ್ಟಿಗೆ ಅಲ್ಲಿಯೇ ಹೀರಲ್ಪಡುತ್ತವೆ. ದೇಹದ ಮೇಲೆ ಸುಮಾರು 3 ಅಡಿ ಮಣ್ಣಿದ್ದರೆ ವಾಸನೆ ಹೊರಬೀಳುವುದು ವಿರಳ. ಬೀದಿನಾಯಿಗಳೂ ಸುಲಭವಾಗಿ ಕೆದಕಲಾರವು. ಹಾಗೆಂದು ಗುಂಡಿ ಆಳವಾದಷ್ಟೂ ಲೇಸೆನ್ನಲಾಗದು. ಮಳೆಗಾಲದಲ್ಲಿ ಅಂತರ್ಜಲವು ಮೇಲೇರಿ ಗುಂಡಿಯ ತಳವನ್ನು ಮುಟ್ಟಿದರೆ ಕೊಳೆತ ದ್ರವವು ನೆರೆಯವರ ಬಾವಿಯನ್ನು ಸೇರಬಹುದು. ಆದುದರಿಂದ ಬಾವಿಯಿಂದ ದೂರವಿರಬೇಕು. ಅಗೆಯುವಾಗ ನೀರು ಜಿನುಗಿದ ಸ್ಥಳವನ್ನು ಕೈಬಿಡಬೇಕು. ಪ್ಲಾಸ್ಟಿಕ್ ಚೀಲವು ಗಾಳಿಯನ್ನು ತಡೆದು ಕಾರ್ಯವನ್ನು ನಿಧಾನಗೊಳಿಸುವುದರಿಂದ ಹತ್ತಿಯ ಬಟ್ಟೆಯೇ ಸಾಕು.

ಇನ್ನು ನಾಡಿನ ನಿಯಮ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ 2009ರ ಕೇಂದ್ರ ಕಾಯಿದೆಯು ಸಾವಿನ ಕಾರಣವನ್ನು ಮುಖ್ಯವೆಂದೆಣಿಸುತ್ತದೆ. ಅನುಸೂಚಿಯ ರೋಗದಿಂದ ಸತ್ತ, ಅಥವಾ ಸತ್ತಿತೆಂದು ಶಂಕಿಸಲಾದ ಪ್ರಾಣಿಯ ದೇಹವನ್ನು ವಿಧಿಸಿದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕು. ಇದಕ್ಕೆ ಕಾರಣವುಂಟು. ಆಂಥ್ರಾಕ್ಸ್ ಎಂಬ ನೆರಡಿ ರೋಗದಿಂದ ಸತ್ತ ಕುರಿಗಳನ್ನು ಹೂಳಿದೆಡೆಯಲ್ಲಿ ಎರೆಹುಳುಗಳು ರೋಗಾಣುವಿನ ಬೀಜಕಗಳನ್ನು ಮೇಲಕ್ಕೆ ತರುತ್ತವೆಂದು ಲೂಯಿ ಪಾಸ್ತರ್ 1880ರಲ್ಲಿ ಪ್ರತಿಪಾದಿಸಿದನು. ಹೂತ ಮಾತ್ರಕ್ಕೆ ಎಲ್ಲ ರೋಗವೂ ಮುಗಿಯುವುದಿಲ್ಲ.

ನಾಯಿಗೆ ಹುಚ್ಚು ಹಿಡಿದಿತ್ತೆಂಬ ಶಂಕೆಯಿದ್ದರೆ ಹೂಳುವ ಮುನ್ನವೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಏಕೆಂದರೆ ರೇಬೀಸ್ ರೋಗವು ನಿಶ್ಚಯವಾಗುವುದು ಮಿದುಳಿನ ಪರೀಕ್ಷೆಯಿಂದ. ಆ ನಾಯಿಯಿಂದ ಕಚ್ಚಿಸಿಕೊಂಡವರು ಫಲಿತಾಂಶಕ್ಕೆ ಕಾಯದೆ ಒಡನೆಯೇ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಇದು ಪ್ರಾಣದ ಪ್ರಶ್ನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 270ನೆಯ ಕಲಮು ಸಾರ್ವಜನಿಕ ಉಪದ್ರವವನ್ನು ನಿರೂಪಿಸುತ್ತದೆ; 279ನೆಯದು ಸಾರ್ವಜನಿಕ ಜಲಮೂಲವನ್ನು ಬೇಕೆಂದೇ ಕೆಡಿಸುವುದನ್ನು ಅಪರಾಧವೆನ್ನುತ್ತದೆ. ಆದಕಾರಣ ತುಂಗೆಯ ದಡವಾಗಲಿ, ಉದ್ಯಾನವಾಗಲಿ, ರಸ್ತೆಯಂಚಾಗಲಿ ಇದಕ್ಕೆ ತಕ್ಕ ಸ್ಥಳವಲ್ಲ. ಬಾಡಿಗೆಯ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ನಗರದ ನೈರ್ಮಲ್ಯವು 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದಂತೆ ಮಹಾನಗರಪಾಲಿಕೆಯ ಹೊಣೆಯಾದುದರಿಂದ, ಹಿತ್ತಲು ಕಿರಿದಾಗಿದ್ದರೆ ಅಥವಾ ಸಂದೇಹವಿದ್ದರೆ ಪಾಲಿಕೆಯ ಆರೋಗ್ಯ ವಿಭಾಗವನ್ನು ವಿಚಾರಿಸುವುದು ಯುಕ್ತ.

ಹೀಗೆ ಗುಂಡಿ ತೋಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು: ಪ್ರಾಣಿಯು ಯಾವುದರಿಂದ ಸತ್ತಿತು? ಇಲ್ಲಿಯ ನೀರು ಎಲ್ಲಿಗೆ ಹೋಗುವುದು? ಕಾನೂನು ಕೇಳುವುದೂ ವಿಜ್ಞಾನ ಕೇಳುವುದೂ ಇವನ್ನೇ.