ನೆಲದೊಳಗೆ ಅಡಗಿದ ಅಪಾಯ

ಮಕ್ಕಳೇ, ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಶಾಲೆಯೊಂದರಲ್ಲಿ ಆಯಸ್ಕಾಂತದ ಪಾಠ ಮಾಡುತ್ತಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹಂದಿಗೆ ಇಟ್ಟಿರೋ ಸಿಡಿಮದ್ದನ್ನ ಆಯಸ್ಕಾಂತದಲ್ಲಿ ಹುಡುಕ್ಬಹುದಾ?" ಎಂದು ಕೇಳಿದ. ಅವರ ಪಕ್ಕದ ಮನೆಯ ಹಸು ಬದುವಿನಲ್ಲಿ ಮೇಯುವಾಗ ಅಂಥದೊಂದು ಉಂಡೆ ಕಚ್ಚಿ, ದವಡೆ ಛಿದ್ರವಾಗಿ ಸತ್ತಿತ್ತಂತೆ. ಅಂದು ಅವನಿಗೆ ಅರ್ಧ ಉತ್ತರ ಮಾತ್ರ ಕೊಟ್ಟೆ. ಉಳಿದದ್ದನ್ನು ನಿಮ್ಮೆಲ್ಲರಿಗೂ ಇಲ್ಲಿ ಹೇಳುತ್ತೇನೆ.

ಮೊದಲು ಇದರ ದೊಡ್ಡಣ್ಣನಾದ ನೆಲಬಾಂಬ್ ಬಗ್ಗೆ ತಿಳಿಯೋಣ. ಯುದ್ಧದಲ್ಲಿ ಶತ್ರುಗಳು ಮುಂದೆ ಬರದಂತೆ ತಡೆಯಲು ಸೈನಿಕರು ಸ್ಫೋಟಕಗಳನ್ನು ಮಣ್ಣಿನಲ್ಲಿ ಹೂತಿಡುತ್ತಾರೆ. ಮೇಲೆ ಕಾಲು ಬಿದ್ದರೆ ಅಥವಾ ಚಕ್ರ ಹರಿದರೆ ಆ ಒತ್ತಡಕ್ಕೆ ಅದು ಸಿಡಿಯುತ್ತದೆ. ಕೆಲವು ನೆಲಬಾಂಬ್‌ಗಳು ನಿಮ್ಮ ತಿಂಡಿ ಡಬ್ಬಿಗಿಂತ ಚಿಕ್ಕವು. ಯುದ್ಧ ಮುಗಿದು ಸೈನಿಕರು ಮನೆಗೆ ಹೋದರೂ ಇವು ಮಣ್ಣಿನಲ್ಲೇ ಉಳಿಯುತ್ತವೆ. ಪ್ಲಾಸ್ಟಿಕ್ ಹೊದಿಕೆ ತುಕ್ಕು ಹಿಡಿಯುವುದಿಲ್ಲ. ಹತ್ತಾರು ವರ್ಷಗಳ ನಂತರ ಉಳಲು ಬಂದ ರೈತ ಯಾರು, ಸೈನಿಕ ಯಾರು ಎಂಬುದು ಅದಕ್ಕೆ ತಿಳಿಯದು.

ಇದು ಎಲ್ಲೋ ದೂರದ ಸಂಗತಿ ಎಂದುಕೊಳ್ಳಬೇಡಿ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದಾಚೆ ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟಿದ್ದ ನೆಲಬಾಂಬ್‌ಗಳು ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಸಿಬ್ಬಂದಿಯಿದ್ದರು, ಮಾಹಿತಿ ಕೊಡಲು ಜೊತೆಗೆ ಹೋಗಿದ್ದವರೂ ಇದ್ದರು. ಆಗ ಚಾಮರಾಜನಗರ ಜಿಲ್ಲೆ ಇನ್ನೂ ಆಗಿರಲಿಲ್ಲ. ಅದು ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಪಾಲಾರಿನಲ್ಲಿ ಸಿಡಿದದ್ದು ತುಳಿದಾಗ ಸಿಡಿಯುವ ಬಗೆಯದಲ್ಲ, ಹೊಂಚು ಹಾಕಿ ಕುಳಿತವರು ತಾವೇ ಸಿಡಿಸಿದ್ದು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಆ ದಿನಗಳು ಅವರಿಗೆ ನೆನಪಿರುತ್ತವೆ.

ನಮ್ಮ ದೇಶದಲ್ಲೇ ಹೊಲಗಳಿಗೆ ನೆಲಬಾಂಬ್ ಬಂದದ್ದೂ ಉಂಟು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಪಾಕಿಸ್ತಾನದ ಗಡಿಯುದ್ದಕ್ಕೂ ನಮ್ಮ ಸೇನೆ ನೆಲಬಾಂಬ್ ಹೂಳಿತು. ಪಂಜಾಬ್, ರಾಜಸ್ಥಾನ, ಜಮ್ಮುವಿನ ಗಡಿಯ ಹಲವು ರೈತರು ತಮ್ಮ ಹೊಲಕ್ಕೆ ತಾವೇ ಕಾಲಿಡದಂತಾಯಿತು. ಮುಂದೆ ಸೇನೆಯೇ ಅವನ್ನು ತೆಗೆಯಬೇಕಾಯಿತು. ನೆಲಬಾಂಬ್ ಹೂಳುವುದು, ತೆಗೆಯುವುದು ಎರಡೂ ಸೇನೆಯ ಎಂಜಿನಿಯರ್ ದಳಗಳ ಕೆಲಸ. ಅಂಥ ದಳಗಳಲ್ಲಿ ಒಂದಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರವೇ ಇದೆ. ಪಕ್ಕದ ಶ್ರೀಲಂಕಾದಲ್ಲಿ 2009ರಲ್ಲಿ ಯುದ್ಧ ಮುಗಿಯಿತು. ಅಲ್ಲಿಯ ಉತ್ತರ ಭಾಗದ ಗದ್ದೆ, ತೋಟಗಳಿಂದ ನೆಲಬಾಂಬ್ ತೆಗೆಯುವ ಕೆಲಸ ಹದಿನೈದು ವರ್ಷ ಕಳೆದರೂ ಮುಗಿದಿರಲಿಲ್ಲ.

ಹುಡುಕುವುದು ಏಕೆ ಇಷ್ಟು ಕಷ್ಟ? ಲೋಹಶೋಧಕ ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅದರ ತುದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಸುರುಳಿಯಲ್ಲಿ ವಿದ್ಯುತ್ ಬದಲಾಗುತ್ತ ಹರಿದಾಗ ಸುತ್ತಲೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದಲ್ಲಿ ಯಾವುದೇ ಲೋಹವಿದ್ದರೆ, ಅದರೊಳಗೂ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ತನ್ನದೇ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಯಂತ್ರ ಅದನ್ನು ಗುರುತಿಸಿ 'ಕುಂಯ್' ಎನ್ನುತ್ತದೆ. ಆಯಸ್ಕಾಂತ ಕಬ್ಬಿಣದಂಥ ಕೆಲವನ್ನು ಮಾತ್ರ ಸೆಳೆಯುತ್ತದೆ. ಈ ಯಂತ್ರ ತಾಮ್ರ, ಅಲ್ಯೂಮಿನಿಯಂಗಳನ್ನೂ ಪತ್ತೆ ಮಾಡುತ್ತದೆ.

ಆದರೆ ಯುದ್ಧ ನಡೆದ ಹೊಲದಲ್ಲಿ ಗುಂಡಿನ ಚೂರು, ಮೊಳೆ, ಹರಿದ ತಗಡು ಎಲ್ಲ ಇರುತ್ತವೆ. ಯಂತ್ರ ಪ್ರತಿಯೊಂದಕ್ಕೂ ಕೂಗುತ್ತದೆ. ಪ್ರತಿ ಕೂಗನ್ನೂ ನೆಲಬಾಂಬ್ ಎಂದೇ ಭಾವಿಸಬೇಕು. ಕೆಲಸಗಾರ ಮುಖಕ್ಕೆ ಕವಚ ಧರಿಸಿ, ನೆಲಕ್ಕೆ ಬಗ್ಗಿ, ತೆಳ್ಳನೆಯ ಸರಳನ್ನು ಸುಮಾರು 30 ಡಿಗ್ರಿ ಓರೆಯಾಗಿ ಮಣ್ಣಿಗೆ ಮೆಲ್ಲಗೆ ತೂರಿಸುತ್ತಾನೆ. ಏಕೆ ಓರೆ? ಒತ್ತಿದರೆ ಸಿಡಿಯುವ ಭಾಗ ಮೇಲ್ಗಡೆ ಇರುತ್ತದೆ. ಓರೆಯಾಗಿ ಹೋದ ಸರಳು ಪಕ್ಕವನ್ನು ಮುಟ್ಟುತ್ತದೆ. ಹೀಗೆ ಇಡೀ ದಿನ ದುಡಿದು, ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಮೊಳೆ ಎಂದಾದರೂ ಅಚ್ಚರಿಯಿಲ್ಲ. ಇನ್ನು ಲೋಹವೇ ಬಹಳ ಕಡಿಮೆ ಇರುವ ಪ್ಲಾಸ್ಟಿಕ್ ನೆಲಬಾಂಬ್ ಆದರೆ ಯಂತ್ರಕ್ಕೂ ಕಷ್ಟ. ಒಂದು ನೆಲಬಾಂಬ್ ತಯಾರಿಸಲು 3 ಡಾಲರ್ ಸಾಕಾಗಬಹುದು, ಆದರೆ ತೆಗೆಯಲು 300ರಿಂದ 1000 ಡಾಲರ್ ಬೇಕು ಎಂಬುದು ವಿಶ್ವಸಂಸ್ಥೆಯ ಅಂದಾಜು.

ಇಲ್ಲಿ ಸಹಾಯಕ್ಕೆ ಬಂದದ್ದು ಯಾರು ಗೊತ್ತೆ? ಹೆಗ್ಗಣದಂಥ ಪ್ರಾಣಿ! ಆಫ್ರಿಕಾದಲ್ಲಿ ಕೆನ್ನೆಯಲ್ಲಿ ಚೀಲವಿರುವ ದೊಡ್ಡ ಇಲಿಗಳಿವೆ. ತೂಕ ಒಂದು ಕಿಲೋ ಆಸುಪಾಸು. ಹಾಗಾಗಿ ಅವು ಮೇಲೆ ನಡೆದರೂ ನೆಲಬಾಂಬ್ ಸಿಡಿಯದು. ಕಣ್ಣು ಮಂದ, ಮೂಗು ಬಲು ಚುರುಕು. ಸ್ಫೋಟಕದ ವಾಸನೆ ಹಿಡಿದಾಗಲೆಲ್ಲ ಬಾಳೆಹಣ್ಣು ಕೊಟ್ಟು ಅವಕ್ಕೆ ತರಬೇತಿ ನೀಡುತ್ತಾರೆ. ವಾಸನೆ ಬಂದ ಕಡೆ ಇಲಿ ನೆಲ ಕೆರೆಯುತ್ತದೆ. ಮೊಳೆ, ತಗಡಿನ ಗೊಡವೆ ಅದಕ್ಕಿಲ್ಲ. ಮನುಷ್ಯ ಯಂತ್ರ ಹಿಡಿದು ನಾಲ್ಕು ದಿನ ಹುಡುಕಬೇಕಾದ ಟೆನ್ನಿಸ್ ಅಂಗಳದಷ್ಟು ಜಾಗವನ್ನು ಇಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿ 100ಕ್ಕೂ ಹೆಚ್ಚು ನೆಲಬಾಂಬ್ ಮತ್ತು ಇತರ ಸ್ಫೋಟಕಗಳನ್ನು ಪತ್ತೆ ಮಾಡಿ, 2020ರಲ್ಲಿ ಚಿನ್ನದ ಪದಕ ಪಡೆಯಿತು. 2022ರಲ್ಲಿ ಮುಪ್ಪಿನಿಂದ ಸತ್ತಿತು.

ನೆಲಬಾಂಬ್‌ಗಳೇ ಬೇಡ ಎಂದು 1997ರಲ್ಲಿ ಒಂದು ಒಪ್ಪಂದವಾಯಿತು. ಅದಕ್ಕಾಗಿ ಹೋರಾಡಿದ ಸಂಘಟನೆಗೂ ಜೋಡಿ ವಿಲಿಯಮ್ಸ್ ಅವರಿಗೂ ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 160ಕ್ಕೂ ಹೆಚ್ಚು ದೇಶಗಳು ಒಪ್ಪಂದಕ್ಕೆ ಸೇರಿದವು, ಭಾರತ ಸೇರಿಲ್ಲ. 2025ರಲ್ಲಿ ಯುರೋಪಿನ ಕೆಲವು ದೇಶಗಳು ಹೊರಬರಲು ನಿರ್ಧರಿಸಿದ್ದು ಬೇಸರದ ಸಂಗತಿ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಸಿಡಿಮದ್ದಿನ ಉಂಡೆಯಲ್ಲಿ ಕಬ್ಬಿಣ ಇರಲೇಬೇಕೆಂದಿಲ್ಲ. ಹಾಗಾಗಿ ಆಯಸ್ಕಾಂತ ಅದನ್ನು ಹುಡುಕಿಕೊಡದು. ಅದಕ್ಕಿಂತ ಮುಖ್ಯವಾಗಿ, ಹುಡುಕಲು ಹತ್ತಿರ ಹೋಗುವುದೇ ಅಪಾಯ. ಕಡಲೆಕಾಯಿ, ಮುಸುಕಿನ ಜೋಳ ಬೆಳೆದವರಿಗೆ ಹಂದಿಯ ಕಾಟ ಎಷ್ಟೆಂದು ನನಗೆ ಗೊತ್ತು. ಒಂದೇ ರಾತ್ರಿಯಲ್ಲಿ ಹೊಲ ಉತ್ತಂತೆ ಆಗಿರುತ್ತದೆ. ಆದರೆ ಉಂಡೆ ಕಚ್ಚುವುದು ಹಂದಿಯೊಂದೇ ಅಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ಅಡಗಿಸಿದ್ದ ತಿನಿಸು ಕಚ್ಚಿದ ಗಬ್ಬದ ಆನೆಯೊಂದು, ಒಡೆದ ಬಾಯಿಯನ್ನು ಹೊಳೆಯ ನೀರಿನಲ್ಲಿಟ್ಟುಕೊಂಡು ನಿಂತೇ ಸತ್ತಿತು. ಸಿಡಿಮದ್ದು ತಯಾರಿಸಿ ಇಡುವುದು 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಅಪರಾಧ.

ಬದುವಿನಲ್ಲಿ, ಬೇಲಿಯ ಬುಡದಲ್ಲಿ ದಾರ ಸುತ್ತಿದ ಉಂಡೆಯೋ ಅಪರಿಚಿತ ಪೊಟ್ಟಣವೋ ಕಂಡರೆ ಮುಟ್ಟಬೇಡಿ. ಒದೆಯಬೇಡಿ, ಕಲ್ಲು ಎಸೆಯಬೇಡಿ. ದನ, ಆಡು, ನಾಯಿ ಜೊತೆಗಿದ್ದರೆ ಹಿಂದಕ್ಕೆ ಕರೆಯಿರಿ. ಬಂದ ದಾರಿಯಲ್ಲೇ ಹಿಂತಿರುಗಿ ದೊಡ್ಡವರಿಗೆ ಜಾಗದ ಗುರುತು ಹೇಳಿ. ಅವರು 112ಕ್ಕೆ ಫೋನ್ ಮಾಡಲಿ. 'ಬೈತಾರೆ' ಎಂದು ಸುಮ್ಮನಿರಬೇಡಿ.

ಮಾಡಿ ನೋಡಿ: ಒಂದು ಬೇಸಿನ್‌ನಲ್ಲಿ ಒಣ ಮರಳು ತುಂಬಿ, ಮೇಲೆ ದಾರ ಕಟ್ಟಿ 16 ಚೌಕ ಮಾಡಿ. ಸೋಡಾ ಬಾಟಲಿಯ 5 ಮುಚ್ಚಳ, ಅಲ್ಯೂಮಿನಿಯಂ ಹಾಳೆಯ ಒಂದು ಉಂಡೆ, ಅಂಗಿಯ ಒಂದು ಪ್ಲಾಸ್ಟಿಕ್ ಗುಂಡಿ, ಇವನ್ನು ಗೆಳೆಯರೊಬ್ಬರು ಹೆಚ್ಚು ಆಳವಿಲ್ಲದೆ ಹೂಳಲಿ. ಗುಂಡಿಯೇ ನಮ್ಮ ನೆಲಬಾಂಬ್. ಮೊದಲು ಮರಳಿನ ಮೇಲೆ ಆಯಸ್ಕಾಂತ ಆಡಿಸಿ. ಆಮೇಲೆ ಊದಿನಕಡ್ಡಿಯ ಬರಿಯ ಕಡ್ಡಿಯನ್ನು ಓರೆಯಾಗಿ ತೂರಿಸುತ್ತ ಒಂದೊಂದೇ ಚೌಕ ಹುಡುಕಿ. ಮೇಲಿನಿಂದ ನೆಟ್ಟಗೆ ಒತ್ತಿದವರು ಔಟ್. ಯಾವುದು ಯಾವುದರಿಂದ ಸಿಕ್ಕಿತು, ಎಷ್ಟು ನಿಮಿಷ ಹಿಡಿಯಿತು ಎಂದು ಪಟ್ಟಿ ಮಾಡಿ. ಆ ಹುಡುಗನ ತರಗತಿಯಲ್ಲಿ ಒಂದು ಬೇಸಿನ್ ಮುಗಿಸಲು ಒಂದು ಪೀರಿಯಡ್ ಸಾಲಲಿಲ್ಲ.